ರಾಡು ತೆಗೆದ ಮೇಲೆ ಉಳಿಯುವ ಗಾಯ ಯಾರ ಹೊಣೆ?

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಹಾಗೂ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಆಡಳಿತ ನೋಡುವ ಅಧಿಕಾರಿಗಳಿಗೆ,

ವಿಷಯ: ಎಲುಬು ಮುರಿತಕ್ಕೆ ಹೊರಗಿನಿಂದ ಹಾಕಿದ ರಾಡು ತೆಗೆದ ನಂತರ ಪಿನ್ನಿನ ಗಾಯಗಳ ಆರೈಕೆಗೆ ವ್ಯವಸ್ಥೆ ಇಲ್ಲದಿರುವ ಬಗ್ಗೆ.

ಮಾನ್ಯರೇ,

ಮುರಿದ ಕಾಲಿಗೆ ಹೊರಗಿನಿಂದ ಹಾಕಿದ ರಾಡು ತೆಗೆದ ದಿನವೇ ಚಿಕಿತ್ಸೆ ಮುಗಿಯಿತೆಂದು ನಮ್ಮ ಆಸ್ಪತ್ರೆಗಳು ಲೆಕ್ಕ ಹಾಕುತ್ತವೆ. ಆ ದಿನ ರೋಗಿಯ ಕಾಲಿನಲ್ಲಿ ಎಲುಬಿನವರೆಗೂ ಇಳಿದ ನಾಲ್ಕಾರು ತೂತುಗಳು ಬಾಯಿ ತೆರೆದುಕೊಂಡೇ ಇರುತ್ತವೆ. ಅವು ಮಾಯುವತನಕ ಯಾರು ನೋಡಿಕೊಳ್ಳಬೇಕು, ಎಲ್ಲಿ, ಯಾವುದರಿಂದ ಎಂಬುದು ನಾನು ಕಂಡ ಯಾವ ಬಿಡುಗಡೆ ಚೀಟಿಯಲ್ಲೂ ರೋಗಿಗೆ ತಿಳಿಯುವ ಹಾಗೆ ಬರೆದಿರಲಿಲ್ಲ. ನನ್ನ ದೂರು ಇದೊಂದೇ. ಈ ಒಂದು ಕೊರತೆಯಿಂದ, ಕಾಲು ಉಳಿಸಿಕೊಂಡು ಮನೆಗೆ ಹೋದವರು ತಿಂಗಳೆರಡು ತಿಂಗಳಲ್ಲಿ ಮತ್ತೆ ಆಪರೇಷನ್ ಟೇಬಲ್ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಬಹಿರಂಗ ಪತ್ರ.

ನಾನು ಹಾವೇರಿ ಜಿಲ್ಲೆಯವಳು. ಸ್ಟಾಫ್ ನರ್ಸ್ ಆಗಿ ಬಹುಕಾಲ ತಾಲ್ಲೂಕು ಆಸ್ಪತ್ರೆಯ ಡ್ರೆಸಿಂಗ್ ಕೋಣೆಯಲ್ಲೇ ದುಡಿದು ನಿವೃತ್ತಳಾಗಿದ್ದೇನೆ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ರಾಣೆಬೆನ್ನೂರಿನಿಂದ ಶಿಗ್ಗಾವಿಯವರೆಗೆ ಈ ರಸ್ತೆಯ ಅಕ್ಕಪಕ್ಕದ ಹಳ್ಳಿಗಳಲ್ಲಿ ಕಾಲಿಗೋ ಕೈಗೋ ರಾಡು ಹಾಕಿಸಿಕೊಂಡವರಿಲ್ಲದ ಓಣಿ ಹುಡುಕುವುದು ಕಷ್ಟ. ಬೈಕು ಜಾರಿದವರು, ಟ್ರ್ಯಾಕ್ಟರ್ ಟ್ರಾಲಿಯ ಕೆಳಗೆ ಸಿಕ್ಕವರು, ಗೋವಿನಜೋಳದ ರಾಶಿ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು. ಬಹುತೇಕ ದುಡಿಯುವ ವಯಸ್ಸಿನವರು.

ಈ ರಾಡಿನ ವಿಷಯ ಗೊತ್ತಿಲ್ಲದವರಿಗಾಗಿ ಒಂದಿಷ್ಟು ಹೇಳುತ್ತೇನೆ. ಕಣಕಾಲಿನ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂದಾಗ ಗಾಯದೊಳಗೆ ಮಣ್ಣು, ಡಾಂಬರಿನ ಚೂರು, ಪ್ಯಾಂಟಿನ ಎಳೆ ಎಲ್ಲ ಹೊಕ್ಕಿರುತ್ತವೆ. ತೀರಾ ಹೊಲಸಾದ ಗಾಯಕ್ಕೆ ಕೂಡಲೇ ಒಳಗೆ ರಾಡು ಕೂರಿಸಿದರೆ ನಂಜನ್ನೂ ಒಳಗೇ ಕೂಡಿಹಾಕಿದಂತಾಗುತ್ತದೆ. ಹಾಗಾಗಿ ವೈದ್ಯರು ಗಾಯ ತೊಳೆದು, ಮುರಿದ ಜಾಗದಿಂದ ದೂರದಲ್ಲಿ ಮೇಲೆ ಎರಡು, ಕೆಳಗೆ ಎರಡು ಉಕ್ಕಿನ ಪಿನ್ನುಗಳನ್ನು ಚರ್ಮದ ಮೂಲಕ ಎಲುಬಿಗೆ ತಿರುಗಿಸಿ, ಹೊರಗಡೆ ಒಂದು ಸರಳಿಗೆ ಬಿಗಿಯುತ್ತಾರೆ. ಇದೇ ಎಕ್ಸ್‌ಟರ್ನಲ್ ಫಿಕ್ಸೇಟರ್. ಪಿನ್ನು ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ದಪ್ಪ. ಬಳೆಯ ಹಾಗೆ ಕಾಲನ್ನು ಸುತ್ತುವ ಇಲಿಜರೋವ್ ಫ್ರೇಮಿನಲ್ಲಾದರೆ 1.8 ಮಿಲಿಮೀಟರಿನ ತೆಳು ತಂತಿಗಳು ಎಲುಬಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿರುತ್ತವೆ. ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಡಾ. ಗವ್ರೀಲ್ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಅದು. ಮುಂಬಯಿಯ ಡಾ. ಬಿ.ಬಿ. ಜೋಶಿಯವರು ಬಡವರ ಕೈಗೆಟುಕುವ ಸಣ್ಣ ಫ್ರೇಮನ್ನು ನಮ್ಮ ದೇಶದಲ್ಲೇ ಮಾಡಿಕೊಟ್ಟರು. ಒಂದು ಕಾಲಕ್ಕೆ ಕತ್ತರಿಸಿಯೇ ತೆಗೆಯಬೇಕಾಗುತ್ತಿದ್ದ ಎಷ್ಟೋ ಕೈಕಾಲುಗಳು ಈ ವಿದ್ಯೆಯಿಂದ ಉಳಿದಿವೆ. ನಮ್ಮ ಸರ್ಕಾರಿ ಆಸ್ಪತ್ರೆಗಳ ಎಲುಬು ವೈದ್ಯರ ಕೈಗುಣದ ಬಗ್ಗೆ ನನಗೆ ಒಂದು ಮಾತೂ ದೂರಿಲ್ಲ.

ದೂರು ಇರುವುದು ರಾಡು ತೆಗೆದ ಮೇಲಿನ ದಿನಗಳ ಬಗ್ಗೆ.

ತೆಗೆಯುವುದು ಸಣ್ಣ ಕೆಲಸ. ಎಷ್ಟೋ ಕಡೆ ಹೊರರೋಗಿ ವಿಭಾಗದಲ್ಲೇ ನಡೆಯುತ್ತದೆ. ನಟ್ಟು ಸಡಿಲಿಸಿ, ಸರಳು ಕಳಚಿ, ಒಂದೊಂದೇ ಪಿನ್ನನ್ನು ಹಿಂದಕ್ಕೆ ತಿರುಗಿಸಿ ಹೊರಗೆಳೆಯುತ್ತಾರೆ. ಆ ತೂತಿಗೆ ಹೊಲಿಗೆ ಹಾಕುವುದಿಲ್ಲ. ಹಾಕಲೂಬಾರದು. ಒಳಗಿನ ರಸಿಗೆ ಹೊರಗೆ ಹರಿದು, ತಳದಿಂದ ಮಾಂಸ ತುಂಬಿಕೊಂಡು ಬಂದು, ಕೊನೆಗೆ ಚರ್ಮ ಮುಚ್ಚಬೇಕು. ಈ ಮಾತನ್ನು ರೋಗಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹತ್ತಿಪ್ಪತ್ತು ಜನ ಸರತಿಯಲ್ಲಿ ನಿಂತಿರುವಾಗ ವೈದ್ಯರಿಗೆ ಪುರಸೊತ್ತು ಇರುವುದಿಲ್ಲ, ಅದು ನನಗೂ ಗೊತ್ತು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ದಿನಾ ಡ್ರೆಸಿಂಗ್, ಎರಡು ವಾರ ಬಿಟ್ಟು ಬರುವುದು’ ಎಂಬರ್ಥದ ಒಂದು ಗೀಚು. ಅದನ್ನು ಹಿಡಿದುಕೊಂಡು, ಊರುಗೋಲು ಊರಿಕೊಂಡು, ಅವರು ಬಸ್ ನಿಲ್ದಾಣಕ್ಕೆ ನಡೆಯುತ್ತಾರೆ.

ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಹುಡುಗನೊಬ್ಬನಿಗೆ ಆದದ್ದನ್ನು ಹೇಳುತ್ತೇನೆ. ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಯಾವ ಆಸ್ಪತ್ರೆಯಲ್ಲೂ ಇದೇ ಆಗಬಹುದಿತ್ತು. ರಾಡು ತೆಗೆಸಿಕೊಂಡು ಬಂದು ವಾರದ ಮೇಲಾಗಿತ್ತು. ಅವರವ್ವ ಬಾಗಿಲಿಗೆ ಬಂದು, ‘ಅಕ್ಕಾರ, ಹುಡುಗನ ಕಾಲು ಯಾಕೋ ನಾರಾಕ್ಹತ್ತೇತ್ರಿ, ಒಂಚೂರು ಬಂದು ನೋಡ್ರಿ’ ಅಂದಳು. ಹೋಗಿ ಪಟ್ಟಿ ಬಿಚ್ಚಿದೆ. ಮೇಲಿನ ಎರಡು ತೂತು ಒಣಗಿ ಹಕ್ಕಳೆ ಕಟ್ಟಿದ್ದವು. ಕೆಳಗಿನದೊಂದು, ಹರಡಿನ ಹತ್ತಿರದ್ದು, ಕಪ್ಪಗೆ ಬೆಣೆ ಹೊಡೆದಂತೆ ಗಟ್ಟಿಯಾಗಿ ಮುಚ್ಚಿತ್ತು. ರಕ್ತ ನಿಲ್ಲಲೆಂದು ಮೊದಲ ದಿನವೇ ಕಾಫಿಪುಡಿ ತುಂಬಿದ್ದರು, ಅದರ ಮೇಲೆ ಅರಿಶಿನ, ಅದರ ಮೇಲೆ ಅಂಗಡಿಯ ಯಾವುದೋ ಮುಲಾಮು. ಸಲೈನಿನಲ್ಲಿ ಗಾಜ್ ನೆನೆಸಿ ಇಟ್ಟು, ಮೆತ್ತಗಾಗಲು ಕಾದು, ಅಂಚಿನಿಂದ ಮೆಲ್ಲಗೆ ಬಿಡಿಸಿದೆ. ಬೆಣೆ ಸಡಿಲಾದ ಕೂಡಲೇ ಹಳದಿ ಕೀವು ತಾನಾಗಿ ಉಕ್ಕಿತು. ಸುತ್ತಲಿನ ಚರ್ಮ ಕೆಂಪಗೆ ಬಿಸಿಯಾಗಿತ್ತು, ಬೆರಳಿಟ್ಟರೆ ಹುಡುಗ ಹಲ್ಲು ಕಚ್ಚುತ್ತಿದ್ದ.

ಆ ತಾಯಿಯನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವಳು ಮೊದಲು ಹೋಗಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ. ಅಲ್ಲಿ, ‘ಇದು ಎಲುಬಿನ ಕೇಸು, ನಾವು ಮುಟ್ಟೂದಿಲ್ಲ, ಆಪರೇಷನ್ ಮಾಡಿದಲ್ಲೇ ಹೋಗ್ರಿ’ ಎಂದು ಕಳಿಸಿದ್ದರು. ಇನ್ನೊಮ್ಮೆ ಹೋದಾಗ ಗಾಜ್ ಇಲ್ಲ, ಹೊರಗಿನಿಂದ ತನ್ನಿ ಎಂದಿದ್ದರು. ಆಪರೇಷನ್ ಮಾಡಿದ ಆಸ್ಪತ್ರೆ ಎರಡು ಬಸ್ಸು ಬದಲಿಸಿ ಹೋಗುವ ದೂರ. ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ್ದರಿಂದ ತಾಯಿಗೆ ಟಿಕೆಟ್ ಇಲ್ಲ, ಆದರೆ ಮಗನಿಗೆ ಇದೆ, ಅವಳ ಒಂದು ದಿನದ ಕೂಲಿಯೂ ಹೋಗುತ್ತದೆ. ದಿನಾ ಡ್ರೆಸಿಂಗ್ ಎಂದರೆ ದಿನಾ ಅಲ್ಲಿಗೆ ಹೋಗಲಾದೀತೇ? ಊರಿನ ಆರ್‌ಎಂಪಿ ಡಾಕ್ಟರು ಸೂಜಿ ಮಾಡಿ ದುಡ್ಡು ಇಸಿದುಕೊಂಡಿದ್ದರು, ಪಟ್ಟಿ ಬಿಚ್ಚಿ ನೋಡಿರಲಿಲ್ಲ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವಳ ಕೈಗೆ ಸಿಕ್ಕಿದ್ದು ಅಡಿಗೆಮನೆಯ ಡಬ್ಬಿ.

ಹುಡುಗನನ್ನು ಮತ್ತೆ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಕೀವಿನ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಮಾತ್ರೆ ಕೊಟ್ಟರೂ ಆ ಒಂದು ತೂತು ಸೋರುವುದು ನಿಲ್ಲಲಿಲ್ಲ. ಕೊನೆಗೆ ಎಕ್ಸ್‌ರೇಯಲ್ಲಿ ಪಿನ್ನಿದ್ದ ಜಾಗದ ಸುತ್ತ ಉಂಗುರದಂತೆ ಸತ್ತ ಎಲುಬಿನ ಚೂರು ಕಾಣಿಸಿತು. ಪಿನ್ನಿನ ದಾರಿಯ ನಂಜು ಎಲುಬಿಗೆ ಇಳಿದಾಗ ಹೀಗಾಗುತ್ತದೆ. ಆ ಚೂರು ಒಳಗಿರುವತನಕ ಯಾವ ಆಂಟಿಬಯಾಟಿಕ್ಕೂ ಗಾಯ ಒಣಗಿಸುವುದಿಲ್ಲ. ಮತ್ತೆ ಥಿಯೇಟರಿಗೆ ಒಯ್ದು ಕೆರೆದು ತೆಗೆಯಬೇಕಾಯಿತು. ನಂಜು ರಾಡು ಇದ್ದಾಗಲೇ ಶುರುವಾಗಿತ್ತೋ, ತೆಗೆದ ಮೇಲೆ ಇಳಿಯಿತೋ ನಾನು ಹೇಳಲಾರೆ. ಆದರೆ ಮೊದಲ ವಾರದಲ್ಲೇ ತರಬೇತಿ ಇರುವ ಒಂದು ಜೊತೆ ಕಣ್ಣು ಆ ಗಾಯವನ್ನು ನೋಡಿದ್ದರೆ ಅದು ಕಾಫಿಪುಡಿಯ ಅಡಿಯಲ್ಲಿ ಅಡಗಿ ಕೂರುತ್ತಿರಲಿಲ್ಲ, ಇದನ್ನು ಖಂಡಿತವಾಗಿ ಹೇಳಬಲ್ಲೆ. ಆ ವರ್ಷದ ಹಿಂಗಾರು ಬಿತ್ತನೆಗೆ ಅವನ ಮನೆಯಲ್ಲಿ ಆಳಿರಲಿಲ್ಲ.

ಮಾನ್ಯರೇ, ಈ ಗಾಯದ ಆರೈಕೆ ಕಷ್ಟದ್ದಲ್ಲ. ಅದೇ ನನ್ನ ಸಂಕಟ. ಪಿನ್ನು ತೆಗೆದ ಕೂಡಲೇ ಗಾಜ್ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ, ಮೇಲೆ ಒಣ ಪಟ್ಟಿ ಸಾಕು. ಮೊದಲ ಒಂದೆರಡು ದಿನ ತುಸು ರಕ್ತ, ತಿಳಿಯಾದ ಇಲ್ಲವೇ ನಸುಗೆಂಪಿನ ರಸಿಗೆ ಬರುವುದು ಸಹಜ. ಅದಕ್ಕೆ ಹೆದರಿ ಏನೇನೋ ತುಂಬಬಾರದು. ಪಟ್ಟಿ ಬದಲಿಸುವವರು ಮೊದಲು ಸೋಪಿನಿಂದ ಕೈ ತೊಳೆಯಬೇಕು. ಸಲೈನ್ ಬಾಟಲಿ ಇದ್ದರೆ ಸಲೈನ್, ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು. ಒಂದು ತೂತಿಗೆ ಮುಟ್ಟಿಸಿದ ಗಾಜನ್ನು ಇನ್ನೊಂದಕ್ಕೆ ಮುಟ್ಟಿಸಬಾರದು. ಒಂದರ ನಂಜು ಇನ್ನೊಂದಕ್ಕೆ ದಾಟುವುದು ಹೀಗೇ. ಮಧ್ಯದಿಂದ ಹೊರಕ್ಕೆ ಒರೆಸಿ, ಒತ್ತಿ ಒಣಗಿಸಿ, ಹೊಸ ಒಣ ಗಾಜ್ ಇಡಬೇಕು. ಹತ್ತಿ ಬೇಡ, ಅದರ ಎಳೆ ಗಾಯಕ್ಕೆ ಅಂಟಿ ಒಳಗೇ ಉಳಿಯುತ್ತದೆ. ಬುಸುಬುಸು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಕಂಡರೆ ಜನಕ್ಕೆ ಬಲು ನಂಬಿಕೆ. ಆದರೆ ಹೊಸದಾಗಿ ಚಿಗುರುತ್ತಿರುವ ಮಾಂಸವನ್ನೂ ಅದು ಸುಡುತ್ತದೆ. ಒಣಗಿ ಕೂತ ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು. ತೂತು ಪೂರ್ತಿ ಮುಚ್ಚುವತನಕ ಕೆರೆ, ಕಾಲುವೆಯ ನೀರಿಗೆ ಕಾಲಿಡಬಾರದು, ಗದ್ದೆಯ ಕೆಸರು, ದನದ ಕೊಟ್ಟಿಗೆಯ ಗಂಜಲ ಸೋಕಬಾರದು. ಸ್ನಾನಕ್ಕೆ ಯಾವಾಗಿನಿಂದ ಕಾಲು ನೆನೆಸಬಹುದೆಂದು ರಾಡು ತೆಗೆದ ವೈದ್ಯರೇ ದಿನ ಹೇಳಿ ಕಳಿಸಬೇಕು.

ಹೀಗೆ ನೋಡಿಕೊಂಡರೆ ತಂತಿಯ ತೂತು ಕೆಲವೇ ದಿನಗಳಲ್ಲಿ, ದಪ್ಪ ಪಿನ್ನಿನದು ಸಾಮಾನ್ಯವಾಗಿ ಎರಡು ವಾರದೊಳಗೆ ಮುಚ್ಚುತ್ತದೆ. ತೊಡೆಯಂಥ ಮಾಂಸಲ ಜಾಗದ್ದು, ಮೊದಲೇ ಕೀವಾಗಿದ್ದದ್ದು ಇನ್ನಷ್ಟು ದಿನ ಹಿಡಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಗಾಯವೂ ನಿಧಾನ, ಎಲುಬು ಕೂಡುವುದೂ ನಿಧಾನ. ಶುಭ್ರವಾಗಿ ಒಣಗುತ್ತಿರುವ ತೂತಿಗೆ ಆಂಟಿಬಯಾಟಿಕ್ ಬೇಕಾಗಿಲ್ಲ. ಸುಮ್ಮನೆ ಸೂಜಿ ಚುಚ್ಚಿಸಿಕೊಂಡರೆ, ನಿಜಕ್ಕೂ ಬೇಕಾದ ದಿನ ಔಷಧಿ ನಾಟದೆ ಹೋದೀತು. ಆದರೆ ಕೀವು ಗಟ್ಟಿಯಾಗಿ ಹಳದಿಯೋ ಹಸಿರೋ ಆದರೆ, ವಾಸನೆ ಬಂದರೆ, ಕೆಂಪು ಸುತ್ತಲೂ ಹರಡಿದರೆ, ಕಡಿಮೆಯಾಗುತ್ತಿದ್ದ ನೋವು ತಿರುಗಿ ಹೆಚ್ಚಿದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಕಳೆದರೂ ಒಂದೇ ತೂತು ಸೋರುತ್ತಿದ್ದರೆ ನೋವಿಲ್ಲದಿದ್ದರೂ ಎಕ್ಸ್‌ರೇ ಆಗಬೇಕು.

ಇನ್ನೊಂದು ಸಂಗತಿಯನ್ನಂತೂ ಹೇಳುವವರೇ ಇಲ್ಲ. ಚರ್ಮ ಮುಚ್ಚಿದ ಮಾತ್ರಕ್ಕೆ ಎಲುಬಿನ ತೂತು ತುಂಬಿರುವುದಿಲ್ಲ. ಅದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಆ ಜಾಗ ದುರ್ಬಲ, ಕಾಲು ತಿರುಚಿದರೆ ಅಲ್ಲೇ ಮುರಿಯಬಹುದು. ರಾಡು ಹೋಯಿತಲ್ಲ ಎಂಬ ಖುಷಿಯಲ್ಲಿ ಊರುಗೋಲನ್ನು ಮೂಲೆಗೆಸೆದು ಹೊಲಕ್ಕಿಳಿದ ಗಂಡಸರನ್ನು ನಾನು ಬಹಳ ಕಂಡಿದ್ದೇನೆ. ಎಷ್ಟು ಭಾರ, ಯಾವ ದಿನದಿಂದ ಊರಬೇಕೆಂದು ಬರೆದುಕೊಡುವುದು ಔಷಧಿ ಬರೆದುಕೊಡುವಷ್ಟೇ ಮುಖ್ಯ. ರಾಡು ತೆಗೆದು ಮೇಲೆ ಪ್ಲಾಸ್ಟರ್ ಹಾಕಿದವರದು ಬೇರೆಯದೇ ಕಥೆ. ತೂತುಗಳು ಪ್ಲಾಸ್ಟರಿನ ಒಳಗೆ ಮುಚ್ಚಿಹೋಗುತ್ತವೆ, ಒಳಗೆ ಕೀವಾದರೆ ಹೊರಗೆ ಮೊದಲು ತಿಳಿಸುವುದು ವಾಸನೆ ಇಲ್ಲವೇ ಜ್ವರ. ಅಂಥವರಿಗೆ ಎಚ್ಚರಿಕೆ ಎರಡು ಪಟ್ಟು ಸ್ಪಷ್ಟವಾಗಿರಬೇಕು.

ನಮ್ಮ ರಾಜ್ಯ ಅಪಘಾತಕ್ಕೆ ಸಿಕ್ಕವರನ್ನು ಕೈಬಿಟ್ಟಿದೆ ಎಂದು ನಾನು ಹೇಳುವುದಿಲ್ಲ. 2008ರಲ್ಲಿ 108 ಆಂಬುಲೆನ್ಸ್ ಬಂತು. 2016ರಲ್ಲಿ, ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ದೇಹ ತುಂಡಾಗಿ ಬಿದ್ದಾಗಲೂ ಅಂಗದಾನದ ಮಾತಾಡಿದ ಹರೀಶ್ ಎಂಬ ಯುವಕನ ಹೆಸರಿನಲ್ಲಿ ಸಾಂತ್ವನ ಯೋಜನೆ ಬಂತು. ಅಪಘಾತವಾದ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಆ ಮೊದಲ ಗಂಟೆಗಳನ್ನು ಗುರುತಿಸಿದ ಸರ್ಕಾರಕ್ಕೆ ನಾನು ಕೈಮುಗಿಯುತ್ತೇನೆ. ಅದೇ ಕಣ್ಣಿನಿಂದ ಕೊನೆಯ ಎರಡು ವಾರಗಳನ್ನೂ ನೋಡಿ ಎಂದು ಬೇಡುತ್ತಿದ್ದೇನೆ. ಆಂಬುಲೆನ್ಸು, ಥಿಯೇಟರು, ಇಂಪ್ಲಾಂಟು, ವೈದ್ಯರ ದುಡಿಮೆ ಎಲ್ಲಕ್ಕೂ ಸುರಿದ ಹಣ ಒಂದು ಪೊಟ್ಟಣ ಗಾಜ್ ಇಲ್ಲದ ಕಾರಣಕ್ಕೆ ನೀರಿಗೆ ಹೋಗಬಾರದು.

ಈ ಗಾಯ ತೊಳೆಯುವ ವಿಧಾನದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ, ಏನೆಂದು ಬರೆದುಕೊಡುವುದು ಎಂಬ ಆಕ್ಷೇಪ ಬರಬಹುದು. ಹೌದು. ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆಯೂ ಪಿನ್ನಿನ ಜಾಗಕ್ಕೆ ಇಂಥದೇ ವಿಧಾನ ಉತ್ತಮ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದೇ ಹೇಳಿತು. ಬ್ರಿಟನ್ನಿನ ನರ್ಸುಗಳು ಸ್ಪಿರಿಟ್ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಶಿಫಾರಸು ಮಾಡಿದರು, ನಮ್ಮಲ್ಲಿ ಅಯೋಡಿನ್ ರೂಢಿ, ಕೆಲವರು ಬರೀ ಸಲೈನ್ ಸಾಕೆನ್ನುತ್ತಾರೆ. ಆ ಚರ್ಚೆ ಹೆಚ್ಚಾಗಿ ಪಿನ್ನು ಇನ್ನೂ ಒಳಗಿರುವಾಗಿನದು, ಯಾವ ದ್ರಾವಣ ಎಂಬುದರದು. ಕೈ ತೊಳೆಯಬೇಕೆಂಬುದರಲ್ಲಿ, ಗಾಯಕ್ಕೆ ಕಾಫಿಪುಡಿ ಹಾಕಬಾರದೆಂಬುದರಲ್ಲಿ, ಕೀವು ಕಂಡರೆ ಕಾಯಬಾರದೆಂಬುದರಲ್ಲಿ ಯಾವ ತಜ್ಞರಿಗೂ ಭಿನ್ನಾಭಿಪ್ರಾಯವಿಲ್ಲ. ರೋಗಿಗೆ ಬೇಕಾಗಿರುವುದು ಅಷ್ಟೇ. ಸಿಬ್ಬಂದಿ ಕೊರತೆ ಎಂಬ ಮಾತೂ ಬರುತ್ತದೆ. ಆ ಕೊರತೆಯ ನಡುವೆಯೇ ನಾನು ದುಡಿದವಳು. ನಾಲ್ಕು ತೂತಿನ ಪಟ್ಟಿ ಬದಲಿಸಲು ಅಭ್ಯಾಸವಿದ್ದ ಕೈಗೆ ಕಾಲು ಗಂಟೆ ಸಾಕು. ಕೊಳೆತ ಎಲುಬು ಕೆರೆಯುವ ಆಪರೇಷನ್ನಿಗೆ ಥಿಯೇಟರಿನ ಇಡೀ ತಂಡ ನಿಲ್ಲಬೇಕಾಗುತ್ತದೆ.

ಆದುದರಿಂದ ನಾನು ಕೇಳುವುದಿಷ್ಟು. ರಾಡು ತೆಗೆಯುವ ಪ್ರತಿಯೊಂದು ಆಸ್ಪತ್ರೆ, ಸರ್ಕಾರಿ ಇರಲಿ, ಸರ್ಕಾರದ ಯೋಜನೆಯಡಿ ಹಣ ಪಡೆಯುವ ಖಾಸಗಿ ಇರಲಿ, ರೋಗಿಯ ಕೈಗೆ ದಪ್ಪಕ್ಷರದ, ಚಿತ್ರವಿರುವ ಒಂದು ಹಾಳೆಯನ್ನು ಕನ್ನಡದಲ್ಲಿ ಕೊಡಬೇಕು. ಓದು ಬಾರದವರಿಗೆ ಅಲ್ಲಿಯ ನರ್ಸು ಓದಿ ಹೇಳಬೇಕು, ಮನೆಯವರ ಕೈಯಿಂದ ಒಂದು ಸಲ ಪಟ್ಟಿ ಕಟ್ಟಿಸಿ ನೋಡಿ ಕಳಿಸಬೇಕು. ಜೊತೆಗೆ ಎರಡು ವಾರಕ್ಕೆ ಸಾಲುವಷ್ಟು ಗಾಜ್, ಸಲೈನ್, ಅಂಟುಪಟ್ಟಿಯ ಪೊಟ್ಟಣ ಉಚಿತವಾಗಿ ಸಿಗಬೇಕು. ಈ ಡ್ರೆಸಿಂಗ್ ಮಾಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಕರ್ತವ್ಯ, ‘ಎಲುಬಿನ ಕೇಸು’ ಎಂದು ವಾಪಸು ಕಳಿಸುವಂತಿಲ್ಲ ಎಂದು ಸ್ಪಷ್ಟ ಸುತ್ತೋಲೆ ಹೊರಡಬೇಕು. ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಓಣಿ ಓಣಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಹೆರಿಗೆಯಾಗಿ ಬಂದ ಬಾಣಂತಿಯ ಮನೆಗೆ ಹೋಗುವ ಹಾಗೆಯೇ ರಾಡು ತೆಗೆಸಿಕೊಂಡು ಬಂದವರ ಮನೆಗೂ ಮೊದಲ ವಾರದಲ್ಲಿ ಒಮ್ಮೆ ಹೋಗಿ ನೋಡುವಂತಾಗಬೇಕು, ಅದಕ್ಕೆ ಆಶಾ ಅಕ್ಕಂದಿರಿಗೆ ಸಲ್ಲಬೇಕಾದ ಗೌರವಧನವೂ ಸಲ್ಲಬೇಕು. ಕೀವು ಕಂಡು ಮರಳಿ ಬಂದವರನ್ನು ಎಲುಬು ವಿಭಾಗದಲ್ಲಿ ಹೊಸ ಚೀಟಿಯ ಸರತಿಯಲ್ಲಿ ನಿಲ್ಲಿಸದೆ ಅಂದೇ ನೋಡಬೇಕು. ಇನ್ನೊಂದು ಮಾತು: ಪಿನ್ನು ತಿರುಗಿಸಿ ತೆಗೆಯುವಾಗ ನೋವಾಗುತ್ತದೆ. ಅದಕ್ಕೆ ಮುಂಚೆ ನೋವಿನ ಔಷಧಿ ಕೊಡುವುದು ಎಲ್ಲ ಕಡೆ ಕಡ್ಡಾಯವಾಗಲಿ. ಕೂಲಿಕಾರನಿಗೂ ನೋವು ನೋವೇ.

ಈ ಪತ್ರ ಓದುವ, ಮನೆಯಲ್ಲಿ ಇಂಥ ರೋಗಿ ಇರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ವಿನಂತಿ. ಸುತ್ತೋಲೆ ಬರುವತನಕ ಕಾಯಬೇಡಿ. ರಾಡು ತೆಗೆಸುವ ದಿನವೇ ‘ಡ್ರೆಸಿಂಗ್ ಯಾರು ಮಾಡಬೇಕು, ಕಾಲು ಯಾವಾಗ ಊರಬೇಕು, ಏನಾದರೆ ತಿರುಗಿ ಬರಬೇಕು’ ಎಂದು ಕೇಳಿ, ಚೀಟಿಯ ಹಿಂದೆ ಕನ್ನಡದಲ್ಲಿ ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಇನ್ನು ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದಕ್ಕೂ ಒಂದು ಕಾಲವಿದೆ: ತೂತು ಪೂರ್ತಿ ಮುಚ್ಚಿ, ಹಕ್ಕಳೆ ತಾನಾಗಿ ಉದುರಿದ ಮೇಲೆ, ಕುಳಿ ಬಿದ್ದು ಎಲುಬಿಗೆ ಅಂಟಿದಂತಾದ ಕಲೆಯನ್ನು ವೈದ್ಯರನ್ನು ಕೇಳಿಕೊಂಡು ದಿನಾ ಮೆತ್ತಗೆ ತಿಕ್ಕಿದರೆ ಚರ್ಮ ಸಡಿಲಾಗುತ್ತದೆ. ಅದಕ್ಕೆ ಮೊದಲು ಬೇಡ.

ಸಚಿವರೇ, ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಒಂದು ಹಾಳೆ, ಒಂದು ಪೊಟ್ಟಣ, ಒಂದು ಆದೇಶ ಸಾಕು. ಹಾಳೆಯ ಕನ್ನಡ ಬರೆದುಕೊಡಲು, ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಪಟ್ಟಿ ಕಟ್ಟುವುದನ್ನು ಕಲಿಸಿಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ. ಬರುವ ಮಳೆಗಾಲಕ್ಕೆ ಮುಂಚೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟಾಫ್ ನರ್ಸ್,
ಹಾವೇರಿ ಜಿಲ್ಲೆ